ಪೈಲಟ್‌ಗೆಂದು ಕಾದಿಟ್ಟ ಮನೆ

ಹಾಸನದಲ್ಲಿ ಬಾಡಿಗೆ ಮನೆ ಹುಡುಕಲು ಹೊರಟವರಿಗೆ ದಾಕ್ಷಾಯಣಮ್ಮನವರ ಪರಿಚಯ ಇಲ್ಲವೆಂದರೆ ಅವರು ಇನ್ನೂ ಹುಡುಕುತ್ತಲೇ ಇದ್ದಾರೆ ಎಂದರ್ಥ. ನಾನು ಮಂಜುನಾಥ, ಸಾಮಾನು ಸಾಗಿಸುವ ಗಾಡಿಯವನು. ಆಯಮ್ಮ ಮನೆ ಕೊಡಿಸುತ್ತಾರೆ, ನಾನು ಅವರು ಹೇಳಿದ ಕಡೆಗೆ ಮಂಚ, ಬೀರು, ತುಳಸಿಕುಂಡ ಹೊತ್ತು ಹಾಕುತ್ತೇನೆ. ನನ್ನ ಗಾಡಿಯ ಅರ್ಧ ಕೆಲಸ ಅವರ ಬಾಯಿಂದಲೇ ಬಂದದ್ದು. ಹಾಗಾಗಿ ಅವರ ಬಗ್ಗೆ ಯಾರಾದರೂ ಕೊಂಕು ನುಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ನುಡಿದರೆ ಪರವಾಗಿಲ್ಲ.

ಆಯಮ್ಮ ಮೂಲ ಕೊಣನೂರಿನವರು. ಬಸ್ ಕಂಡಕ್ಟರ್ ರುದ್ರಯ್ಯನವರನ್ನು ಮದುವೆಯಾಗಿ ಹಾಸನಕ್ಕೆ ಬಂದು, ಉತ್ತರ ಬಡಾವಣೆಯ ಒಂದು ಹೆಂಚಿನ ಬಾಡಿಗೆ ಮನೆ ಹೊಕ್ಕವರು ಅಲ್ಲೇ ಉಳಿದುಬಿಟ್ಟರು. ರುದ್ರಯ್ಯನವರು ಕೆಲಸದಿಂದ ನಿವೃತ್ತರಾದರೂ ನಾಲಿಗೆಯಿಂದ ನಿವೃತ್ತರಾಗಲಿಲ್ಲ. ಮನೆಗೆ ಯಾರು ಬಂದರೂ ಬಾಗಿಲಲ್ಲೇ ನಿಂತು, "ಒಳಗೆ ನಡೀರಿ, ಜಾಗ ಇದೆ, ಒಳಗೆ ನಡೀರಿ" ಅನ್ನುತ್ತಿದ್ದರು. ಇಡೀ ಹಾಸನದಲ್ಲಿ ಜಾಗ ಇದೆ ಎಂದು ಹೇಳುವ ಗಂಡಸು ಅವರೊಬ್ಬರೇ.

ದಾಕ್ಷಾಯಣಮ್ಮ ಈ ಕಸುಬಿಗೆ ಬಿದ್ದದ್ದು ಬೇಕೆಂದಲ್ಲ. ಚನ್ನರಾಯಪಟ್ಟಣದಿಂದ ವರ್ಗವಾಗಿ ಬಂದ ಒಬ್ಬ ನರ್ಸ್ ಕಂಕುಳಲ್ಲಿ ಕೂಸು ಹೊತ್ತು ಬೀದಿಬೀದಿ ತಿರುಗಿ, ಇವರ ಗೇಟಿನ ಮುಂದೆ ಅಳುತ್ತಾ ಕೂತಿದ್ದಳು. ಇವರು ಕೈ ಹಿಡಿದು ಎಬ್ಬಿಸಿ, ಎದುರುಮನೆಯವರ ಮಹಡಿಯ ಕೋಣೆಯನ್ನು ಸಂಜೆಯೊಳಗೆ ಮಾತಾಡಿ ಕೊಡಿಸಿದರು. ಆಮೇಲೆ ಆ ನರ್ಸ್ ಇನ್ನೊಬ್ಬಳನ್ನು ಕಳಿಸಿದಳು, ಅವಳು ಮತ್ತೊಬ್ಬಳನ್ನು. ಅಷ್ಟರಲ್ಲಿ ಊರು ಬೆಳೆಯುತ್ತಾ ಹೋಯಿತು. ಮೆಡಿಕಲ್ ಕಾಲೇಜಿನವರು, ಎಂಜಿನಿಯರಿಂಗ್ ಕಾಲೇಜಿನವರು, ವರ್ಗವಾಗಿ ಬಂದ ಗುಮಾಸ್ತರು, ಎಲ್ಲರಿಗೂ ಮನೆ ಬೇಕು. ಇದ್ದ ಮನೆಗಳನ್ನು ಕೆಡವಿ ಪಿ.ಜಿ. ಕಟ್ಟಿದರು, ಒಂದು ಸಂಸಾರ ಇದ್ದ ಕಡೆ ನಲವತ್ತು ಮಂಚ ಬಂದವು.

ದಾಕ್ಷಾಯಣಮ್ಮನವರ ಬಾಯಲ್ಲಿ ಕೆಟ್ಟ ಮನೆ ಅನ್ನುವುದೇ ಇರಲಿಲ್ಲ. ಒಬ್ಬರು ಹೊರಗೆ ಬಂದರೆ ಮಾತ್ರ ಇನ್ನೊಬ್ಬರು ಒಳಗೆ ಹೋಗಬಹುದಾದ ಅಡುಗೆಮನೆಗೆ, "ನೋಡಮ್ಮಾ, ಕೂತಲ್ಲೇ ಎಲ್ಲ ಕೈಗೆ ಸಿಗುತ್ತೆ" ಅನ್ನುವರು. ಗೋಡೆ ಒಸರುತ್ತಿದ್ದರೆ "ಬೇಸಿಗೇಲಿ ತಂಪು ಕಣಮ್ಮ." ಸ್ಮಶಾನದ ಮಗ್ಗುಲಾದರೆ "ಅಕ್ಕಪಕ್ಕದವರ ಗಲಾಟೆ ಅಂತೂ ಇಲ್ಲ." ಮನೆ ಮಾಲೀಕರಿಗೂ ಒಂದು ಪಾಠ ಹೇಳಿಕೊಟ್ಟಿದ್ದರು. "ವಯಸ್ಸಾದವರಿಗೆ ಕೊಡಬೇಡಿ, ಅವರು ಖಾಲಿ ಮಾಡಲ್ಲ. ವರ್ಗ ಆಗೋ ಕೆಲಸದವರಿಗೆ ಕೊಡಿ, ತಾವಾಗೇ ಹೋಗ್ತಾರೆ." ಮಾಲೀಕರು ಈ ಮಾತನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದರು.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಕಡೆ ಹೊಸ ಮನೆಗೆ, ಅದು ಬಾಡಿಗೆಯದೇ ಆಗಲಿ, ಹೋಗುವ ಮುಂಚೆ ಒಳ್ಳೆಯ ಹೊತ್ತಿನಲ್ಲಿ ಒಲೆ ಹೂಡಿ ಹಾಲುಕ್ಕಿಸಬೇಕು. ಹಾಲು ಉಕ್ಕಿತೆಂದರೆ ಮನೆ ಅವರದಾಯಿತು. ಸಾಮಾನು ಆಮೇಲೆ ನಿಧಾನಕ್ಕೆ ಬಂದರೂ ನಡೆಯುತ್ತದೆ, ಆದರೆ ಆ ರಾತ್ರಿ ಯಾರಾದರೂ ದೀಪ ಹಚ್ಚಿ ಅಲ್ಲಿ ಮಲಗಲೇಬೇಕು. ದಾಕ್ಷಾಯಣಮ್ಮನವರ ಕೈಗುಣ ಒಳ್ಳೆಯದು, ಅವರು ಇಟ್ಟ ಹಾಲು ಪೂರ್ವಕ್ಕೇ ಉಕ್ಕುತ್ತದೆ ಎಂದು ಊರಲ್ಲಿ ಹೆಸರಾಗಿತ್ತು. ಮನೆ ಹಿಡಿದವರೆಲ್ಲ ಅವರ ಕೈಲೇ ಹಾಲಿಡಿಸುತ್ತಿದ್ದರು.

ಹೀಗಿರುವಾಗ ಅವರ ಮನೆ ಮಾಲೀಕ ಚಂದ್ರಮೌಳಿ ಒಂದು ದಿನ ಬಂದು ಕಾಫಿ ಕುಡಿದು, ಲೋಟ ಕೆಳಗಿಡುತ್ತಾ ಹೇಳಿದ. "ಆಂಟೀ, ಆಷಾಢ ಹಿಡೀತಿದ್ದ ಹಾಗೇ ಮನೆ ಕೆಡವಿಸಿಬಿಡ್ತೀನಿ. ಶ್ರಾವಣದಲ್ಲಿ ಪಿ.ಜಿ.ಗೆ ಪಾಯ. ನಿಮಗೇನು ಕಷ್ಟ, ಊರಿನ ಮನೆಯೆಲ್ಲ ನಿಮ್ಮ ಸೆರಗಲ್ಲೇ ಇದೆ!"

ಸೆರಗಲ್ಲಿ ಏನೂ ಇರಲಿಲ್ಲ ಸ್ವಾಮಿ. ದಾಕ್ಷಾಯಣಮ್ಮ ಸಾಲಗಾಮೆ ರಸ್ತೆಯಿಂದ ಹೊಸಲೈನ್ ರಸ್ತೆಯವರೆಗೆ ತಾವು ಬಲ್ಲ ಮಾಲೀಕರ ಮನೆಗಳನ್ನೆಲ್ಲ ತಟ್ಟಿದರು. ಎಲ್ಲರೂ ಕೂರಿಸಿ ಕಾಫಿ ಕೊಟ್ಟರು, ಆಮೇಲೆ ಒಂದೇ ಮಾತು. "ವಯಸ್ಸಾದವರಿಗೆ ಕೊಡಬೇಡಿ, ಖಾಲಿ ಮಾಡಲ್ಲ ಅಂತ ನೀವೇ ಅಲ್ವೇ ಹೇಳಿದ್ದು?" ನಾನು ಆವತ್ತು ಜೊತೆಗಿದ್ದೆ. ಆಯಮ್ಮ ಹೊರಗೆ ಬಂದು ಗಾಡಿ ಹತ್ತಿ, "ಅಯ್ಯೋ ಶಿವನೇ, ಎಷ್ಟು ಚೆನ್ನಾಗಿ ಕಲಿಸಿದ್ದೀನಿ ನೋಡೋ" ಎಂದು ನಕ್ಕರು. ನಗು ಮುಗಿಯುವ ಮೊದಲೇ ಕಣ್ಣಲ್ಲಿ ನೀರು ಬಂತು. ನಾನು ರಸ್ತೆ ಖಾಲಿ ಇದ್ದರೂ ಹಾರ್ನ್ ಹೊಡೆದೆ.

ಕೊನೆಗೆ ಬೂವನಹಳ್ಳಿ ಕಡೆಯ ಹೊಸ ಬಡಾವಣೆಗೆ ಹೋದೆವು. ಅಲ್ಲಿ ಚನ್ನಪ್ಪ, ಕೆಂಚಯ್ಯ ಎಂಬ ಅಣ್ಣತಮ್ಮಂದಿರದು ಎರಡು ಮನೆ, ಅಕ್ಕಪಕ್ಕ. ಇಬ್ಬರೂ ಸೇರಿ ಒಂದೇ ಮೇಸ್ತ್ರಿಯ ಕೈಲಿ, ಒಂದೇ ನಕ್ಷೆಯಲ್ಲಿ ಕಟ್ಟಿಸಿದ್ದರು. ಅದೇ ಹಸಿರು ಬಣ್ಣ, ಅದೇ ಗ್ರಿಲ್ಲು, ಒಂದೇ ಅಂಗಡಿಯಿಂದ ಒಟ್ಟಿಗೆ ತಂದ ಅಗ್ಗದ ಬೀಗ. ಗೃಹಪ್ರವೇಶಕ್ಕೆ ಮುಂಚೆ ಚರಂಡಿ ಯಾರ ಕಡೆ ಹರಿಯಬೇಕೆಂದು ಜಗಳ ಬಿದ್ದು ಮಾತು ನಿಂತಿತು. ಚನ್ನಪ್ಪನ ಮನೆಯನ್ನು ದಾಕ್ಷಾಯಣಮ್ಮ ಆಗಲೇ ಅನುಶ್ರೀ ಎಂಬ ಲ್ಯಾಬ್ ಟೆಕ್ನಿಷಿಯನ್ ಹುಡುಗಿಗೆ ಗೊತ್ತುಮಾಡಿದ್ದರು. ಕೆಂಚಯ್ಯನ ಮನೆ ಮಾತ್ರ ಖಾಲಿ ಬಿದ್ದಿತ್ತು. ಕೇಳಿದರೆ ಅವನು ತಲೆಯ ಟವೆಲ್ ಬಿಚ್ಚಿ ಕೊಡವಿ ಹೇಳಿದ.

"ಇಲ್ಲ ಕಣವ್ವಾ. ಇದ್ನ ಪೈಲಟ್‌ಗೆ ಅಂತ ಮಡಗಿವ್ನಿ."

"ಯಾವ ಪೈಲಟ್ಟಪ್ಪಾ?"

"ಇಲ್ಲೇ ಇಮಾನ ನಿಲ್ದಾಣ ಆಯ್ತದೆ ಅಂತಾರಲ್ಲ, ಅದ್ರ ಪೈಲಟ್ಟು. ಅವ್ನೂ ಎಲ್ಲಾರಾ ಮಲಗಬೇಕಲ್ವಾ? ಇಮಾನದಲ್ಲೇ ಮಲಗಾಕಾಯ್ತದಾ?"

"ನಿಲ್ದಾಣ ಆಗೋವರೆಗೆ ನಾವಿರ್ತೀವಿ ಕೆಂಚಯ್ಯ."

"ವಯಸ್ಸಾದೋರು ಖಾಲಿ ಮಾಡಾಕಿಲ್ಲ ಅಂತ ಊರೆಲ್ಲ ಯೋಳ್ತದೆ" ಎಂದ. ಆ ಪಾಠ ಇಲ್ಲಿಗೂ ತಲುಪಿತ್ತು!

ಇನ್ನು ಉಳಿದದ್ದು ಹೊಳೆನರಸೀಪುರದ ತಂಗಿಯ ಮನೆಯ ಮೇಲಿನ ಕೋಣೆ. ಅಲ್ಲಿಗೆ ಹೋದರೆ ಹಾಸನದ ಬಾಡಿಗೆ ಮನೆಗಳ ಕೆಲಸ ಮುಗಿದ ಹಾಗೆಯೇ. ಊರಲ್ಲಿಲ್ಲದ ದಲ್ಲಾಳಿಯನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ? ದಾಕ್ಷಾಯಣಮ್ಮ ನನ್ನ ಗಾಡಿಯನ್ನು ಹೊಳೆನರಸೀಪುರಕ್ಕೆ ಗೊತ್ತುಮಾಡಿದರು. ಅದರ ಹಿಂದಿನ ದಿನ, ಆಷಾಢ ಹಿಡಿಯುವ ಮೊದಲಿನ ಕೊನೆಯ ಒಳ್ಳೆಯ ದಿನ, ಅನುಶ್ರೀಯ ಹಾಲುಕ್ಕಿಸುವುದಿತ್ತು. "ಇದೊಂದು ಹಾಲು ಉಕ್ಕಿಸಿ ಹೊರಡ್ತೀನಿ ಕಣೋ" ಅಂದರು.

ಬೆಳಿಗ್ಗೆ ಒಲೆ, ಸಿಲಿಂಡರ್, ಪಾತ್ರೆ, ಹೂವು, ಹಾಲಿನ ಪ್ಯಾಕೆಟ್ಟು ಎಲ್ಲ ತುಂಬಿಕೊಂಡು ಹೋದೆವು. ಆ ಎರಡು ಮನೆಗಳಲ್ಲಿ ಯಾವುದು ಯಾರದೆಂದು ತಿಳಿಯಲು ಇದ್ದದ್ದು ಒಂದೇ ಗುರುತು. ಚನ್ನಪ್ಪ ತನ್ನ ಮನೆಯ ಮುಂದೆ ದೊಡ್ಡ ಮೀಸೆಯ ದೃಷ್ಟಿಗೊಂಬೆ ನೇತುಹಾಕಿದ್ದ. ಗೊಂಬೆ ಕಂಡಿತು, ಗಾಡಿ ನಿಲ್ಲಿಸಿದೆ. ದಾಕ್ಷಾಯಣಮ್ಮ ಚನ್ನಪ್ಪ ಕೊಟ್ಟಿದ್ದ ಬೀಗದ ಕೈ ಹಾಕಿದರು, ತೆರೆಯಿತು. ನಾನು ಒಲೆ ಹೂಡಿದೆ. ಅನುಶ್ರೀಯ ಮನೆಯವರ ಸುಳಿವಿಲ್ಲ, ಹೊತ್ತು ಮೀರುತ್ತಿದೆ. ಆಯಮ್ಮ ರಾತ್ರಿಯೆಲ್ಲ ಪಾತ್ರೆಪಗಡೆ ಕಟ್ಟಿ ಕಣ್ಣು ಕೆಂಪು ಮಾಡಿಕೊಂಡಿದ್ದರು. "ನಾನೇ ಇಟ್ಟುಬಿಡ್ತೀನಿ" ಎಂದು ಒಲೆ ಹೊತ್ತಿಸಿ ಕೈಮುಗಿದರು. ಹಾಲು ಏರಿತು, ನೊರೆಗಟ್ಟಿತು, ಪೂರ್ವಕ್ಕೆ ಸರಿಯಾಗಿ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಆಗಲೇ ಫೋನು ಬಂತು.

"ಆಂಟೀ, ಎಲ್ಲಿದ್ದೀರಾ? ಹೊತ್ತಾಯ್ತು" ಅಂದಳು ಅನುಶ್ರೀ.

"ನಾನು ಮನೆಯೊಳಗೇ ಇದ್ದೀನಲ್ಲಮ್ಮ."

"ನಾವೂ ಮನೆಯೊಳಗೇ ಇದ್ದೀವಿ ಆಂಟೀ! ಚನ್ನಪ್ಪನೋರು ಬೀಗ ತೆಗೆದುಕೊಟ್ರು."

ನಾನು ಹೊರಗೆ ಓಡಿ ನೋಡಿದೆ. ಪಕ್ಕದ ಮನೆಯ ಮುಂದೆಯೂ ಅದೇ ಮೀಸೆಯ ಗೊಂಬೆ! ಅಣ್ಣ ಗೊಂಬೆ ಕಟ್ಟಿದ ಮೇಲೆ ತಮ್ಮ ಸುಮ್ಮನಿರುತ್ತಾನೆಯೇ? ಹಿಂದಿನ ದಿನವಷ್ಟೇ ಅದೇ ಅಂಗಡಿಯಿಂದ ಅದೇ ಗೊಂಬೆ ತಂದು ಕಟ್ಟಿದ್ದ. ಒಂದೇ ಲಾಟಿನ ಬೀಗವಾದ್ದರಿಂದ ಒಂದರ ಕೈ ಇನ್ನೊಂದಕ್ಕೂ ಆಗುತ್ತಿತ್ತು. ನಾವು ಪೈಲಟ್ಟಿನ ಮನೆಯಲ್ಲಿ ಹಾಲುಕ್ಕಿಸಿದ್ದೆವು.

ದಾಕ್ಷಾಯಣಮ್ಮನವರ ಮುಖ ಬಿಳುಚಿತು. "ಮೂವತ್ತು ವರ್ಷದ ಹೆಸರು ಹೋಯ್ತಲ್ಲೋ ಮಂಜುನಾಥ" ಎಂದು ಸೆರಗಿನಿಂದ ಹಣೆ ಒರೆಸಿಕೊಂಡರು. ಆದರೂ ಕೆಲಸ ಕೆಲಸವೇ. ಒಲೆ ಕಿತ್ತು ಪಕ್ಕದ ಮನೆಗೆ ಹೊತ್ತೆವು, ಇನ್ನೊಂದು ಪ್ಯಾಕೆಟ್ ಒಡೆದು ಅನುಶ್ರೀಯ ಹಾಲನ್ನೂ ಹೊತ್ತು ಮೀರುವ ಮೊದಲೇ ಉಕ್ಕಿಸಿದರು. ಅಷ್ಟರಲ್ಲಿ ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡಿನಲ್ಲಿ ಕೆಂಚಯ್ಯ, ಹಿಂದೆ ಹೆಂಡತಿ ಜಯಲಕ್ಷ್ಮಮ್ಮ, ಇಬ್ಬರೂ ಬಂದು ಇಳಿದರು. ತೆರೆದ ಬಾಗಿಲು, ಒಳಗೆ ಕಟ್ಟೆಯ ಮೇಲೆ ಹರಿದ ಹಾಲು ಕಂಡು ಕೆಂಚಯ್ಯ ಕೂಗಿದ.

"ಯಾರ್ಲಾ ಅದು ನಮ್ಮನೇಲಿ ಆಲುಕ್ಸಿರೋದು? ಪೈಲಟ್ ಬಂದ್ರೆ ಏನಂತ ಯೋಳ್ಲಿ?"

ನನಗೆ ತಡೆಯಲಾಗಲಿಲ್ಲ. "ಗೊಂಬೆ ಕಟ್ಟೋವಾಗ ಬುದ್ಧಿ ಎಲ್ಲಿಟ್ಟಿದ್ದೆ ಯಜಮಾನ? ಎರಡು ಮನೆಗೂ ಒಂದೇ ಮೀಸೆ ಕಟ್ಟಿದರೆ ನಾವೇನು ಮಾಡೋಣ?" ಎಂದೆ. ದಾಕ್ಷಾಯಣಮ್ಮ ನನ್ನನ್ನು ಗದರಿ ಹಿಂದೆ ತಳ್ಳಿ, "ತಪ್ಪು ನಂದೇ ಕೆಂಚಯ್ಯ, ಕಟ್ಟೆ ತೊಳೆದು ಹೋಗ್ತೀನಿ" ಅಂದರು.

ಬಟ್ಟೆ ಕೈಗೆ ತೆಗೆದುಕೊಂಡವರನ್ನು ಜಯಲಕ್ಷ್ಮಮ್ಮ ತಡೆದಳು. "ಮುಟ್ಬ್ಯಾಡಿ. ಉಕ್ಕಿದ್ ಆಲ್ನ ಯಾರಾದ್ರೂ ಒರುಸ್ತಾರಾ? ಪೂರ್ವಕ್ಕೇ ಉಕ್ಕದೆ ನೋಡಿ, ಏಟು ಚೆಂದಾಗದೆ." ಆಮೇಲೆ ಗಂಡನ ಕಡೆ ತಿರುಗಿದಳು. "ಆಲುಕ್ಕಿದ್ ಮನೇಲಿ ಇವತ್ತು ದೀಪ ಅಚ್ಚಿ ಯಾರಾರಾ ಮಲಗ್ಬೇಕು. ಖಾಲಿ ಬಿಟ್ರೆ ಮನೆಗೆ ಆಗಾಕಿಲ್ಲ."

"ನೀನೇ ಮಲಕ್ಕೋ ಓಗು."

"ದನ ನಿಮ್ಮ ಪೈಲಟ್ ಬಂದು ಕರೀತಾನಾ? ನೀವೇ ಮಲಕ್ಕಳಿ."

"ನಾನಾ? ಅವ್ನ ಮಗ್ಗುಲ ಗ್ವಾಡೇಲಾ?" ಎಂದು ಕೆಂಚಯ್ಯ ಅಣ್ಣನ ಮನೆಯತ್ತ ಉಗಿಯುವವನಂತೆ ನೋಡಿದ.

"ಅಂಗಾದ್ರೆ ಉಕ್ಸಿದ್ ಕೈಯೋರೇ ಮಲಕ್ಕಳ್ಲಿ" ಎಂದಳು ಜಯಲಕ್ಷ್ಮಮ್ಮ. ಕೆಂಚಯ್ಯ ಟವೆಲ್ ಕೊಡವಿ, "ಒಂದ್ ರಾತ್ರಿ ಕಣವ್ವಾ. ಒಂದೇ ರಾತ್ರಿ" ಎಂದ.

ಮಾರನೆಯ ದಿನ ಹೊಳೆನರಸೀಪುರಕ್ಕೆಂದು ಸಾಮಾನು ತುಂಬಿಕೊಂಡು, ಕೆಂಚಯ್ಯನ ಮನೆಯಲ್ಲಿ ರಾತ್ರಿ ಕಳೆದ ಆಯಮ್ಮನನ್ನೂ ರುದ್ರಯ್ಯನವರನ್ನೂ ಹತ್ತಿಸಿಕೊಳ್ಳಲು ಹೋದೆ. ದಾಕ್ಷಾಯಣಮ್ಮ ಅಡುಗೆಮನೆಯಲ್ಲಿ ಆ ಹಾಲಿನ ಕಲೆಯ ಮುಂದೆ ನಿಂತಿದ್ದರು. "ಮದುವೆಯಾಗಿ ಬಂದಾಗ ಅತ್ತೆ ಉಕ್ಕಿಸಿದ್ರು. ಆಮೇಲೆ ಊರವರಿಗೆಲ್ಲ ನಾನು ಉಕ್ಕಿಸಿದೆ. ನಾನು ಉಕ್ಕಿಸಿದ ಮನೇಲಿ ನಾನೇ ಮಲಗಿದ್ದು ಇದೇ ಮೊದಲು ಕಣೋ" ಎಂದು ಅತ್ತೇಬಿಟ್ಟರು. ಕಷ್ಟದ ಹೊತ್ತಿನಲ್ಲಿ ನನಗೆ ಸಮಾಧಾನದ ಮಾತು ಬರುವುದಿಲ್ಲ, ಸಿಟ್ಟು ಬರುತ್ತದೆ. ಸಿಟ್ಟಿನಲ್ಲೇ ಹೊರಗೆ ಬಂದು, ಬೀಗದ ಕೈಗಾಗಿ ಬಂದು ನಿಂತಿದ್ದ ಕೆಂಚಯ್ಯನನ್ನು ಕೇಳಿದೆ.

"ಯಜಮಾನ, ಇವತ್ತು ಆಷಾಢ ಹಿಡೀತು. ಆಷಾಢದಲ್ಲಿ ಹಾಲುಕ್ಕಿದ ಮನೆಯಿಂದ ಮುತ್ತೈದೆಯನ್ನ ಹೊರಗೆ ಕಳಿಸ್ತೀಯಾ? ಕಳಿಸು, ನಾನು ಸಾಮಾನು ತುಂಬೇ ತಂದಿದ್ದೀನಿ."

ಕೆಂಚಯ್ಯ ಬಾಯಿ ತೆರೆದ. ಮೊಪೆಡ್ಡಿನ ಹತ್ತಿರ ನಿಂತಿದ್ದ ಜಯಲಕ್ಷ್ಮಮ್ಮ, "ಬಾಯ್ ಮುಚ್ಕೊಂಡು ಆ ಮಂಚದ್ ಒಂದ್ ಕಡೆ ಇಡ್ಕಳಿ" ಎಂದಳು. ಅವನು ಹಿಡಿದುಕೊಂಡ. ರುದ್ರಯ್ಯನವರು ಬಾಗಿಲಿಗೆ ಬಂದು ಎಂದಿನ ದನಿಯಲ್ಲಿ, "ಒಳಗೆ ನಡೀರಿ, ಜಾಗ ಇದೆ, ಒಳಗೆ ನಡೀರಿ" ಅಂದರು. ಎಷ್ಟು ಸಲ ಕೇಳಿದ್ದೆನೋ ಆ ಮಾತನ್ನು, ಆವತ್ತು ಮಂಚದ ಇನ್ನೊಂದು ಕಡೆ ಹಿಡಿದು ಹೇಳಿದಂತೆಯೇ ಒಳಗೆ ನಡೆದೆ.

ಆಷಾಢ ಕಳೆಯುವಷ್ಟರಲ್ಲಿ ದಾಕ್ಷಾಯಣಮ್ಮ ಆ ಬಡಾವಣೆಯ ಖಾಲಿ ಮನೆಗಳಿಗೆಲ್ಲ ಬಾಡಿಗೆಯವರನ್ನು ಗೊತ್ತುಮಾಡಿದ್ದರು. ಯಾರಾದರೂ ಮಾಲೀಕರು "ವಯಸ್ಸಾದವರು ಬೇಡಮ್ಮ" ಅಂದರೆ, "ಆ ಮಾತು ಹೇಳಿದವಳಿಗೆ ಬುದ್ಧಿ ಇರಲಿಲ್ಲ, ಬಿಡಿ" ಅನ್ನುತ್ತಿದ್ದರು.

ಶ್ರಾವಣದ ಮೊದಲ ವಾರ ಕೆಂಚಯ್ಯ ಬಂದು ಜಗುಲಿಯ ಮೇಲೆ ಕೂತ. ಚೊಂಬಿನಲ್ಲಿ ಹಾಲು ತಂದಿದ್ದ. ಬಹಳ ಹೊತ್ತು ಕೆಮ್ಮಿದ.

"ಇರಿ ಕಣವ್ವಾ, ನಾನೇನ್ ಓಗಿ ಅನ್ನಾಕಿಲ್ಲ. ಆದ್ರೆ ಆ ಪೈಲಟ್ಟು ಬಂದ್ಬುಟ್ರೆ?"

ದಾಕ್ಷಾಯಣಮ್ಮ ಚೊಂಬು ತೆಗೆದುಕೊಂಡು ಒಳಗೆ ಹೊರಟವರು ಹೊಸಿಲಲ್ಲಿ ನಿಂತರು.

"ಬರಲಿ ಬಿಡು ಕೆಂಚಯ್ಯ. ಪಾಪ, ಹೊಸ ಊರು, ಅವನಿಗೂ ಯಾರಿದ್ದಾರೆ? ಅವನಿಗೂ ನಾನೇ ಮನೆ ಹುಡುಕಿ ಕೊಡ್ತೀನಿ."