ಕೋರಿರೊಟ್ಟಿ ತಿಂದ ಲಿಪ್‌ಸ್ಟಿಕ್

ನನ್ನ ಲಿಪ್‌ಸ್ಟಿಕ್ ದುಬಾರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ಯಾರಿಗೆ ತೋರಿಸಿದರೂ ಬಣ್ಣ ನೋಡುವ ಮೊದಲು ಬೆಲೆ ಕೇಳುತ್ತಾರೆ, ಬೆಲೆ ಕೇಳಿದ ಮೇಲೆ ನನ್ನ ಮುಖ ನೋಡುತ್ತಾರೆ. ದುಬೈಯಿಂದ ಅಣ್ಣ ತಂದದ್ದು ಎಂದು ಫಾರಿನ್ ಲಿಪ್‌ಸ್ಟಿಕ್ಕನ್ನು ಊರಿಗೆಲ್ಲ ತೋರಿಸುವವರೇ, ನನ್ನದು ಇಲ್ಲೇ ಬೈಕಂಪಾಡಿಯಲ್ಲಿ ತಯಾರಾದದ್ದು ಎಂದ ಕೂಡಲೇ ಚೌಕಾಸಿಗೆ ಇಳಿಯುತ್ತಾರೆ. ನನಗೆ ಪಿತ್ತ ನೆತ್ತಿಗೇರುವುದು ಅಲ್ಲಿ.

ಮದುವಣಗಿತ್ತಿಯರಿಗೆ ಮೇಕಪ್ ಮಾಡುವುದು ನನ್ನ ಕೆಲಸ. ಕೂಳೂರಿನ ಮನೆಯಿಂದ ಬೆಳಗಿನ ಕತ್ತಲಿಗೇ ಪೆಟ್ಟಿಗೆ ಹಿಡಿದು ಹೊರಟು, ಬಜಪೆಯಿಂದ ಬೆಂಗ್ರೆಯವರೆಗೆ ಎಲ್ಲ ಜಾತಿ ಧರ್ಮದ ಹುಡುಗಿಯರ ಗಲ್ಲ ಹಿಡಿದು ಬಣ್ಣ ಹಚ್ಚಿದ್ದೇನೆ. ಹೊರದೇಶದ ಲಿಪ್‌ಸ್ಟಿಕ್ಕಿಗೆ ನಮ್ಮ ಸೆಕೆ ಗೊತ್ತಿಲ್ಲ. ಏಪ್ರಿಲಿನ ಮುಹೂರ್ತಗಳಲ್ಲಿ ಅದು ಮದುಮಗಳಿಗಿಂತ ಮೊದಲೇ ಬೆವರುತ್ತದೆ. ನಮ್ಮವರ ಮೈಬಣ್ಣವೂ ಅದಕ್ಕೆ ತಿಳಿಯದು. ನಾನು ಮೂರು ನಾಲ್ಕು ಬಣ್ಣಗಳನ್ನು ಅಂಗೈ ಹಿಂಬದಿಯಲ್ಲಿ ಕಲಸಿ ಹಚ್ಚುತ್ತಿದ್ದೆ. ಮದುವೆ ಮುಗಿದ ಮೇಲೆ ಹುಡುಗಿಯರು ಫೋನ್ ಮಾಡಿ, ಅಕ್ಕ, ಆ ಬಣ್ಣ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದರು. ಎಲ್ಲಿಯೂ ಸಿಗುತ್ತಿರಲಿಲ್ಲ. ಹಾಗಾದರೆ ನಾನೇ ಯಾಕೆ ಮಾಡಬಾರದು ಎಂಬ ಹುಚ್ಚು ಹತ್ತಿದ್ದು ಹಾಗೆ.

ಬೈಕಂಪಾಡಿಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಕೆಮಿಸ್ಟ್ ಹುಡುಗಿಯೊಬ್ಬಳು ಸಿಕ್ಕಿದಳು. ನನ್ನಷ್ಟೇ ಹಟದವಳು. ಒಣಗಿದ ಪುನರ್ಪುಳಿ ಹಣ್ಣಿನ ಸಿಪ್ಪೆಯ ಕಡು ಕೆಂಪು ಬೇಕೆಂದು ನಾನು ಸಿಪ್ಪೆಯನ್ನೇ ತೆಗೆದುಕೊಂಡು ಹೋಗಿ ಅವಳ ಮೇಜಿನ ಮೇಲೆ ಇಟ್ಟಿದ್ದೆ. ಅಂತೂ ಬಣ್ಣ ಬಂತು. ಭಾರವಾದ ಹಿತ್ತಾಳೆ ಬಣ್ಣದ ಡಬ್ಬಿ ಮಾಡಿಸಿದೆ, ಮುಚ್ಚಿದರೆ ಟಿಕ್ ಎನ್ನುವಂಥದ್ದು. ಕಡಿಮೆ ಬೆಲೆಗೆ ಮಾಡು, ಬೇಗ ಖರ್ಚಾಗುತ್ತದೆ ಎಂದು ಮನೆಯವರಿಂದ ಹಿಡಿದು ರಿಕ್ಷಾದವನವರೆಗೆ ಎಲ್ಲರೂ ಬುದ್ಧಿ ಹೇಳಿದರು. ನಾನು ಜಗ್ಗಲಿಲ್ಲ.

ಆದರೆ ನಾನೊಬ್ಬಳು ದುಬಾರಿ ಎಂದರೆ ಸಾಕೇ? ಊರು ಒಪ್ಪಬೇಕಲ್ಲ. ಪೇಟೆಯ ನಡುವೆ ಒಂದು ಅಂಗಡಿಯಿದೆ. ಅತ್ತರಿನಿಂದ ಶುರುವಾಗಿ ಈಗ ಸೌಂದರ್ಯವರ್ಧಕಗಳೆಲ್ಲ ಸಿಗುವ, ತಲೆಮಾರುಗಳಿಂದ ಬ್ಯಾರಿ ಕುಟುಂಬವೊಂದು ನಡೆಸುವ ಅಂಗಡಿ. ಮದುವೆ ನಿಶ್ಚಯವಾದ ಹುಡುಗಿಯರೆಲ್ಲ ತಾಯಂದಿರೊಂದಿಗೆ ಅಲ್ಲಿಗೇ ಹೋಗುವುದು. ಕಣ್ಣಿನ ಮಟ್ಟಕ್ಕೆ ಗಾಜಿನ ಕಪಾಟು, ಅದರಲ್ಲಿ ಫಾರಿನ್ ಮಾಲು. ಊರಿನ ಮಾಲು ಕೆಳಗೆ, ಬಾಚಣಿಗೆ ಹೇರ್‌ಪಿನ್ನುಗಳ ಜೊತೆ. ಅಲ್ಲಿ ಮೇಲೆ ನಿಂತರೆ ನನ್ನದು ಒಂದು ಬ್ರ್ಯಾಂಡ್. ಕೆಳಗೆ ಬಿದ್ದರೆ ಹೇರ್‌ಪಿನ್ನಿನ ಸಂಗಾತಿ, ಮತ್ತೆ ಯಾವ ಅಂಗಡಿಯೂ ಮೇಲೆ ಹತ್ತಿಸುವುದಿಲ್ಲ.

ಅಂಗಡಿಯ ಹಿರಿಯ ಸಾಹೇಬರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. ಇಲ್ಲ ಅನ್ನಲಿಲ್ಲ, ಹೌದೂ ಅನ್ನಲಿಲ್ಲ. ಅವರ ಮೊಮ್ಮಗಳ ಮದುವೆಗೆ ಮೇಕಪ್ ನನ್ನದೇ ಎಂದು ಆಗಲೇ ನಿಶ್ಚಯವಾಗಿತ್ತು.

"ಅವಳಿಗೆ ಇದನ್ನೇ ಹಚ್ಚು, ಮಗಳೇ. ಊಟ ಆದ ಮೇಲೂ ನಿಂತ್ರೆ ಮೇಲೆ ಇಡ್ತೇನೆ. ನಿಲ್ಲದಿದ್ರೆ ಕೆಳಗೆ ಜಾಗ ಉಂಟು."

ಗೆದ್ದೆ ಎಂದುಕೊಂಡು ಮನೆಗೆ ಬಂದೆ. ನೀರಿನಲ್ಲಿ, ಬೆವರಿನಲ್ಲಿ, ಫ್ಯಾನಿಲ್ಲದ ಕೋಣೆಯಲ್ಲಿ ಎಲ್ಲ ಪರೀಕ್ಷೆ ಮಾಡಿಯಾಗಿತ್ತಲ್ಲ. ಆದರೂ ಒಮ್ಮೆ ನೋಡೋಣವೆಂದು, ಭಾನುವಾರ ಕೋರಿರೊಟ್ಟಿಗೆ ಕೂತಿದ್ದ ಅಮ್ಮನನ್ನು ಹಿಡಿದೆ. ಜೀವನದಲ್ಲಿ ಲಿಪ್‌ಸ್ಟಿಕ್ ಮುಟ್ಟದವರು ಅವರು. ಎಂತ ಮಾರಾಯ್ತಿ ಇದು, ನೆರೆಮನೆಯವರು ನೋಡಿದರೆ ಎಂದು ಗೊಣಗುತ್ತಲೇ ತುಟಿ ಮುಂದೆ ಮಾಡಿದರು. ಗರಿಗರಿ ರೊಟ್ಟಿಯ ಮೇಲೆ ಕೋಳಿಸಾರು ಸುರಿದುಕೊಂಡು ಗಂಭೀರವಾಗಿ ಉಂಡರು. ಉಂಡು ತಲೆಯೆತ್ತಿದಾಗ ಕೆಂಪೆಲ್ಲ ಗಲ್ಲಕ್ಕೆ ಇಳಿದಿತ್ತು.

ನನಗೆ ಆಗ ಹೊಳೆಯಿತು. ಪ್ರತಿ ಮದುವೆಯ ಸಂಜೆ ಮದುಮಗಳ ತುಟಿಯ ಬಣ್ಣ ತೆಗೆಯುವುದು ನಾನು ಯಾವುದರಿಂದ? ತೆಂಗಿನೆಣ್ಣೆಯಿಂದ. ನಮ್ಮ ಸಾರಿನಲ್ಲಿ ಇರುವುದು ಏನು? ತೆಂಗಿನಕಾಯಿ, ತೆಂಗಿನೆಣ್ಣೆ. ತೆಂಗಿನ ಊರಿನಲ್ಲಿ ಹುಟ್ಟಿ, ಎಣ್ಣೆಯನ್ನು ಬಿಟ್ಟು ಉಳಿದೆಲ್ಲದಕ್ಕೂ ನಿಲ್ಲುವ ಲಿಪ್‌ಸ್ಟಿಕ್ ಮಾಡಿದ್ದೆವು ನಾನೂ ಆ ಹುಡುಗಿಯೂ. ಸಾಹೇಬರ ಮನೆಯ ಮದುವೆಯಲ್ಲಂತೂ ತುಪ್ಪದನ್ನ.

ಮರುದಿನವೇ ಫ್ಯಾಕ್ಟರಿಗೆ ಓಡಿದೆ. ಕೆಮಿಸ್ಟ್ ಹುಡುಗಿ ತಲೆಯ ಮೇಲೆ ಕೈ ಹೊತ್ತುಕೊಂಡಳು, ಆಮೇಲೆ ಮೇಣ ಕಡಿಮೆ ಮಾಡಿ, ತುಟಿಯ ಮೇಲೆ ತೆಳುವಾಗಿ ಒಣಗಿ ಕೂರುವ ಬೇರೆ ಅಂಟು ಸೇರಿಸಿದಳು. ಮೊದಲು ತುಟಿ ಬಿರಿಯಿತು. ಆಮೇಲೆ ಬಣ್ಣ ಮಂಕಾಯಿತು. ಅಷ್ಟು ದಿನವೂ ಅಮ್ಮ ಕೆಂಪು ತುಟಿಯಲ್ಲಿ ಬಂಗುಡೆ ಪುಳಿಮುಂಚಿ, ನೀರುದೋಸೆ, ಕೋಳಿಸುಕ್ಕ ತಿಂದರು. ಕೊನೆಕೊನೆಗೆ ಅವರೇ ಕನ್ನಡಿ ಕೇಳತೊಡಗಿದ್ದರು. ಮದುವೆಗೆ ಸ್ವಲ್ಪ ಮೊದಲು, ಒಂದು ಮಧ್ಯಾಹ್ನ ಉಂಡು ಕೈತೊಳೆದು ಬಂದ ಅಮ್ಮನ ತುಟಿ ಉಣ್ಣುವ ಮೊದಲು ಹೇಗಿತ್ತೋ ಹಾಗೆಯೇ ಇತ್ತು. ನಾನು ಅವರನ್ನು ಎತ್ತಿಕೊಳ್ಳುವುದೊಂದು ಬಾಕಿ.

ಮದುವೆಯ ದಿನ ಬಂತು. ಹೆಂಗಸರ ಊಟದ ಕಡೆ ಸಾಹೇಬರು ಬರುವಂತಿಲ್ಲ. ಅವರ ಬದಲಿಗೆ ತೀರ್ಪುಗಾರರಾಗಿ ಕೂತಿದ್ದವರು ಅವರ ಹೆಂಡತಿ, ನಾವೆಲ್ಲ ಉಮ್ಮ ಎನ್ನುವವರು. ಆ ಮನೆಯ ರೂಢಿಯಂತೆ ಗಂಡಿನ ಕಡೆಯ ಹಿರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಮದುಮಗಳ ಬಾಯಿಗೆ ತುಪ್ಪದನ್ನದ ತುತ್ತು ಇಟ್ಟರು. ಪ್ರೀತಿ ಹೆಚ್ಚಿದವರ ತುತ್ತು ದೊಡ್ಡದು, ತುಟಿಗೆಲ್ಲ ತುಪ್ಪ. ಪ್ರತಿ ತುತ್ತಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ಉಮ್ಮ ಎದ್ದು, ತಮ್ಮ ಬಿಳಿ ಕರವಸ್ತ್ರವನ್ನು ಮೊಮ್ಮಗಳ ತುಟಿಗೆ ಒತ್ತಿ, ತೆಗೆದು, ಬಿಡಿಸಿ ಹಿಡಿದರು. ಬಟ್ಟೆಯ ಮೇಲೆ ತುಪ್ಪದ ಕಲೆ ಮಾತ್ರ ಇತ್ತು.

ಉಮ್ಮ ಕರವಸ್ತ್ರ ಮಡಚಿ ಇಟ್ಟುಕೊಂಡು, ನನ್ನ ಪೆಟ್ಟಿಗೆ ತೆರೆಯಿಸಿ, ಪುನರ್ಪುಳಿ ಬಣ್ಣದ್ದೊಂದನ್ನು ತಮಗೆಂದೇ ಆರಿಸಿಕೊಂಡರು. ನನಗೆ ಸಂತೋಷ ತಡೆಯಲಾಗದೆ ಕಣ್ಣು ತುಂಬಿತು.

ಮುಂದಿನ ವಾರ ಅಂಗಡಿಗೆ ಹೋದೆ. ನನ್ನ ಡಬ್ಬಿಗಳು ಗಾಜಿನ ಕಪಾಟಿನಲ್ಲಿ, ಸರಿಯಾಗಿ ಕಣ್ಣಿನ ಮಟ್ಟಕ್ಕೆ, ಸಾಲಾಗಿ ನಿಂತಿದ್ದವು. ಮದುವೆಯ ಖರೀದಿಗೆ ಬಂದಿದ್ದ ತಾಯಿಯೊಬ್ಬರು ಒಂದನ್ನು ಕೈಯಲ್ಲಿ ಹಿಡಿದು, ಇದು ಇಲ್ಲಿಯದ್ದೇ ಅಲ್ಲವಾ, ಸ್ವಲ್ಪ ಕಡಿಮೆ ಮಾಡಿ ಎಂದು ಶುರುಮಾಡಿದ್ದರು. ಪಕ್ಕದಲ್ಲಿ ನಿಂತಿದ್ದವಳು ನಾನೇ ಎಂದು ಅವರಿಗೆ ಗೊತ್ತಿಲ್ಲ. ಸಾಹೇಬರಿಗೆ ಗೊತ್ತು, ಆದರೆ ನನ್ನ ಕಡೆ ನೋಡಲೂ ಇಲ್ಲ.

"ಇದಕ್ಕೆ ಕಡಿಮೆ ಇಲ್ಲ ಅಮ್ಮ," ಎಂದರು. "ಕಡಿಮೆಯದ್ದು ಬೇಕಾದ್ರೆ, ಅಗೋ, ಕೆಳಗೆ ಫಾರಿನ್ ಉಂಟು."