ಗುರುಗಳು ಕಟ್ಟೆಯ ಮೇಲೆ ಕೇಳಿದ ಪದ

ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಸೀರೆಯ ನಿರಿಗೆ ಹಿಡಿಯುವುದೇ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ಅದರ ಮೇಲೆ ಪಿಎಚ್.ಡಿ. ಮಾಡುವ ಹುಚ್ಚು. ವಿಷಯ, ಬೀಸುವ ಪದಗಳು. ಮಾರ್ಗದರ್ಶಕರು ನನಗೆ ಬಿ.ಎ.ಯಲ್ಲಿ ಕಲಿಸಿದ ಗುರುಗಳೇ. ಅದೇ ವಿಷಯದ ಮೇಲೆ ಅವರದೊಂದು ಪುಸ್ತಕವಿತ್ತು. ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣು ಹಾಡುವುದೆಲ್ಲ ತನ್ನ ದುಃಖವನ್ನೇ ಎಂಬುದು ಅದರ ಸಾರ.

ನನ್ನೂರು ತಿಕೋಟಾ. ನಮ್ಮಜ್ಜಿಯನ್ನು ಆಯಿ ಎಂದು ಕರೆಯುತ್ತಿದ್ದೆವು. ಆಯಿ ಬೀಸುವಾಗ ಅವಳ ತೊಡೆಯ ಮೇಲೆ ಮಲಗಿ ನಾನು ಕೇಳಿದ ಪದಗಳಲ್ಲಿ ಅಳು ಇತ್ತು, ಇಲ್ಲವೆನ್ನುವುದಿಲ್ಲ. ನಗು ಮಾತ್ರ ಅದಕ್ಕಿಂತ ಹೆಚ್ಚಿತ್ತು. ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮುಸ್ಲಿಂ ಚಿಕ್ಕಮ್ಮ ಬಂದು ಕಲ್ಲಿನ ಆಚೆ ಬದಿಗೆ ಕುಳಿತಳೆಂದರೆ ಬೀಗರು, ಗೌಡರು, ಅವಳ ಸ್ವಂತ ಗಂಡ, ಯಾರಿಗೂ ಉಳಿಗಾಲವಿರುತ್ತಿರಲಿಲ್ಲ. ನಕ್ಕು ನಕ್ಕು ಆಯಿ ಕಲ್ಲಿನ ಗೂಟ ಬಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು.

ಮೊದಲ ಅಧ್ಯಾಯ ಬರೆಯಲು ಕುಳಿತಾಗ ಫಜೀತಿ ಶುರುವಾಯಿತು. ಗುರುಗಳ ಮಾತನ್ನು ಒಪ್ಪಲು ಮನಸ್ಸಿಲ್ಲ, ಒಪ್ಪುವುದಿಲ್ಲವೆನ್ನಲು ಧೈರ್ಯವಿಲ್ಲ. ಅಧ್ಯಾಯಕ್ಕೆ ಅವರ ಸಹಿ ಬೀಳದಿದ್ದರೆ ನನ್ನ ಪಿಎಚ್.ಡಿ. ಅಲ್ಲಿಗೇ ಖತಂ. ಕೊನೆಗೆ ವಿದ್ವಾಂಸರ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿ, ಗುರುಗಳ ಮಾತನ್ನು ಎಲ್ಲಕ್ಕಿಂತ ಮೇಲೆ ಕೂರಿಸಿ, ನನ್ನ ಅನುಮಾನವನ್ನು ಕಡೆಯ ಪುಟದ ಅಡಿಟಿಪ್ಪಣಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ತುರುಕಿದೆ. ಅವರು ಯಾವ ಬರಹವನ್ನಾದರೂ ಅಡಿಟಿಪ್ಪಣಿಯಿಂದಲೇ ಓದಲು ಶುರುಮಾಡುತ್ತಾರೆಂದು ನನಗೇನು ಗೊತ್ತು?

“ಏನಿದು, ಲಗ್ನಪತ್ರಿಕಿ ಬರದಂಗ ಬರದೀಯಲ್ಲ?” ಎಂದರು. “ಊರ ಹಿರ್ಯಾರ ಹೆಸರೆಲ್ಲಾ ಅದಾವ, ಮದಿಮಗಳ ಹೆಸರು ಕೆಳಗ ಮೂಲ್ಯಾಗ.”

“ತಪ್ಪಾತ್ರಿ ಸರ್, ತಗದಬಿಡ್ತೇನ್ರಿ.”

“ತಗೀ ಅಂದೆನೇನ ನಾ? ಖರೇ ಇದ್ರ ತೋರ್ಸು. ಬಬಲೇಶ್ವರ, ಜೈನಾಪುರ, ಬಿಜ್ಜರಗಿ ಎಲ್ಲಾ ತಿರಗಿ ಪದಾ ಬರಕೊಂಡೇನಿ. ಒಂದೂರಾಗೂ ನಗು ಪದಾ ಕೇಳಿಲ್ಲ.”

ಮುಂದಿನ ರವಿವಾರ ಕತ್ತಿನವರೆಗೂ ಗುಂಡಿ ಹಾಕಿದ ಕರಿ ಕೋಟಿನಲ್ಲಿ, ಸುಡುಬಿಸಿಲಿನಲ್ಲಿ, ಬಸ್ಸು ಹತ್ತಿ ತಿಕೋಟಾಕ್ಕೆ ಬಂದೇ ಬಿಟ್ಟರು. ಆಗಲೇ ಊರಿಗೆ ಹಿಟ್ಟಿನ ಗಿರಣಿ ಬಂದಿತ್ತಾದರೂ ಬೇಳೆ ಒಡೆಯಲು ಬೀಸುಕಲ್ಲೇ ಬೇಕಿತ್ತು. ಆಯಿ ಮತ್ತು ಖಾಲಾ ತೊಗರಿ ಹಾಕಿಕೊಂಡು ಕುಳಿತರು. ತವರಿನ ದುಃಖ ಹಾಡಿದರು, ತೀರಿಹೋದ ಅಣ್ಣನ ದುಃಖ ಹಾಡಿದರು, ಶರಣರ ಮಹಿಮೆ ಹಾಡಿದರು. ಖಾಲಾ ಸೆರಗಿನಿಂದ ಕಣ್ಣು ಬೇರೆ ಒರೆಸಿಕೊಂಡಳು. ಗುರುಗಳು ನನ್ನತ್ತ ನೋಡಿ ಹುಬ್ಬು ಹಾರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅವರು ಚಹಾ ಕುಡಿಯಲು ಹೊರಗಿನ ಕಟ್ಟೆಗೆ ಹೋದದ್ದೇ ತಡ, ಆಯಿಯ ಮೇಲೆ ಹರಿಹಾಯ್ದೆ. “ನಗು ಪದಾ ಒಂದೂ ಯಾಕ ಹಾಡ್ಲಿಲ್ಲ?”

“ಸಾಲಿ ಕಲ್ತಾಕಿ ನೀ,” ಎಂದಳು ಆಯಿ. “ಗಂಡಸು ಮುಂದ ಕುಂತಾನ, ಅದೂ ದೊಡ್ಡ ಮಾಸ್ತರ. ಅಂಥಾವ್ರ ಮುಂದ ಬೀಗರನ್ನ ಬೈಯೂ ಪದಾ ಹಾಡ್ತಾರೇನ ಬೇ?”

ಆಯಿಗೆ ಇದ್ದ ತಡೆ ಖಾಲಾಳಿಗೆ ಇರಲಿಲ್ಲ. ಮಾಸ್ತರರು ಆಚೆ ಹೋದರಲ್ಲ ಎಂದು ಗೂಟ ಹಿಡಿದು, ಕೂತಲ್ಲೇ ಕಟ್ಟಿ ಹಾಡಿದಳು:

ಉರಿಬಿಸಲಾಗ ಬಂದಾನ ಕರಿಕೋಟ ಮಾಸ್ತರ
ಗುಂಡಿ ಬಿಚ್ಚಂದ್ರ ಬಿಚ್ಚವಲ್ಲ, ನಮ್ಮವ್ವ
ಒಳಗಂಗಿ ಹರದೈತೇನ ಕೇಳ

ಆಯಿ ನಗುತ್ತ ತೊಗರಿಯ ಮೇಲೇ ಬಿದ್ದಳು. ನಮ್ಮ ಕಿಟಕಿ ತೆರೆಯುವುದು ಕಟ್ಟೆಯ ಮೇಲೇ. ಹೊರಗೆ ಓಡಿ ನೋಡಿದರೆ ಗುರುಗಳ ಕೈಯಲ್ಲಿ ಚಹಾದ ಬಶಿ ಹಾಗೇ ನಿಂತಿತ್ತು.

“ಇಷ್ಟ ವರ್ಷ,” ಎಂದರು ಮೆಲ್ಲಗೆ, “ನಾ ಕುಂತಾಗ ಏನ ಹಾಡ್ತಾರ ಅನ್ನೂದನ್ನ ಬರಕೊಂಡೆ. ನಾ ಎದ್ದ ಹೋದಮ್ಯಾಲ ಏನ ಹಾಡ್ತಾರಂತ ಕೇಳಲೇ ಇಲ್ಲ.”

ಆಮೇಲೆ ನಕ್ಕರು. ಬಶಿ ಕೆಳಗಿಟ್ಟು, ಬಾಗಿಲಲ್ಲಿ ನಿಂತು ಕೋಟಿನ ಗುಂಡಿ ಬಿಚ್ಚಿ, “ನೋಡವಾ ತಂಗಿ, ಅಂಗಿ ಹರದಿಲ್ಲ,” ಎಂದು ಖಾಲಾಳಿಗೆ ತೋರಿಸಿದರು. ಖಾಲಾ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಇವತ್ತಿಗೂ ಹಾಗೇ ಇದೆ.

“ಹಂಗಾದ್ರ ನಿಮ್ಮ ಮಾತು ತಪ್ಪಂತ ಬರೀಲೇನ್ರಿ ಸರ್?” ಎಂದು ಬಸ್ಸಿಗೆ ಕಾಯುವಾಗ ಕೇಳಿದೆ.

“ಅಷ್ಟ ಬರದ್ರ ಅರ್ಧಾ ಆತು. ನನಗ ಅಳು ಅಷ್ಟ ಯಾಕ ಕೇಳಿಸ್ತು ಅನ್ನೂದನ್ನೂ ಬರಿ. ಆ ಅಳೂ ಸುಳ್ಳಲ್ಲ.”

ಹಾಗೆಯೇ ಬರೆದೆ. ಮೊದಲು ಅವರ ಮಾತನ್ನು ಅವರೇ ತಲೆದೂಗುವಷ್ಟು ಚೆನ್ನಾಗಿ ಹೇಳಿ, ಅನಂತರ ನನ್ನದನ್ನು ಎದುರಿಗೇ ಇಟ್ಟೆ. ಗುರುಗಳು ಪೆನ್ಸಿಲ್ ಹಿಡಿದು ಪುಟಪುಟಕ್ಕೂ ಜಗಳ ತೆಗೆದರು. ನಗುವಿನ ಪದಗಳೇ ಹೆಚ್ಚು ಎಂಬ ನನ್ನ ಮಾತನ್ನಂತೂ ಕಡೆಯವರೆಗೂ ಒಪ್ಪಲಿಲ್ಲ. ಎಲ್ಲ ಮುಗಿದ ಮೇಲೆ ಸಹಿ ಹಾಕಿಬಿಟ್ಟರು.

“ಒಪ್ಪದ ಮ್ಯಾಲ ಸಹಿ ಯಾಕ ಹಾಕಿದ್ರಿ ಸರ್?” ಎಂದೆ, ಹೆದರಿಕೆ ಪೂರ್ತಿ ಹೋಗಿರಲಿಲ್ಲ.

“ನಾ ಒಪ್ಪೂ ಮಾತ ಅಷ್ಟ ಬೇಕಾಗಿದ್ರ,” ಎಂದರು, “ನನ್ನ ಪುಸ್ತಕಾನ ಇನ್ನೊಮ್ಮಿ ಓದಕೋತ ಕುಂಡ್ರತಿದ್ದೆ.”