ಪಾರ್ಲೆಯ ವೇದಿಕೆಯ ಮೇಲೆ ಹಳದಿ-ಕೆಂಪು

ವಿಲೆ ಪಾರ್ಲೆಯ ಕಾಲೇಜಿನಲ್ಲಿ ಓದುವ ನನ್ನ ಮಗಳು ಒಂದು ಸಂಜೆ ಮುಲುಂಡ್‌ನ ಮನೆಗೆ ಬಂದವಳೇ, "ಮಮ್ಮಿ, ನಮ್ಮ ಫ್ಲ್ಯಾಗ್‌ನಲ್ಲಿ ಮೇಲೆ ಯೆಲ್ಲೋನಾ, ರೆಡ್ಡಾ?" ಎಂದು ಕೇಳಿದಳು. ಕಾಲೇಜಿನಲ್ಲಿ ರಾಜ್ಯಗಳ ಉತ್ಸವವಂತೆ. ಉಳಿದವರು ತಿಂಡಿ ತರುತ್ತಾರೆ, ತಾನು ಬಾವುಟ ಒಯ್ಯುತ್ತೇನೆ ಎಂದಳು.

"ಹಳದಿ ಮ್ಯಾಲ, ಕೆಂಪು ಕೆಳಗ" ಎಂದೆ. ನಾನು ಧಾರವಾಡದವಳು.

ಮೈಸೂರಿನವರಾದ ನನ್ನ ಗಂಡ ಪೇಪರಿನಿಂದ ತಲೆಯೆತ್ತಿದರು. "ಮಧ್ಯೆ ಬಿಳಿ ಪಟ್ಟಿ, ಗಂಡಭೇರುಂಡ ಇರ್ಬೇಕಲ್ವೇನೆ?"

ಅದು ಕೆಲವು ವರ್ಷಗಳ ಹಿಂದೆ ನಮ್ಮ ರಾಜ್ಯ ಸರ್ಕಾರ ಮುಂದಿಟ್ಟ ಹೊಸ ವಿನ್ಯಾಸ. ದೆಹಲಿಯ ಒಪ್ಪಿಗೆ ಸಿಗಲಿಲ್ಲ. ಎರಡೇ ಬಣ್ಣದ್ದು ಅದಕ್ಕಿಂತ ಎಷ್ಟೋ ಹಳೆಯದು, ಕನ್ನಡ ಚಳವಳಿಯಲ್ಲಿ ಹುಟ್ಟಿದ್ದು.

"ತೋ ಅಫಿಶಿಯಲ್ ಯಾವ್ದು?" ಎಂದಳು ಮಗಳು.

"ಎರಡೂ ಅಲ್ಲ" ಎಂದೆ. "ಯಾರ ಅಪ್ಪಣೆನೂ ಕೇಳದ ಮಂದಿ ಹಳದಿ-ಕೆಂಪು ಹಾರಸ್ಕೋತ ಬಂದಾರ. ಅದಕ್ಕ ಅದು ನಮ್ದು."

ಬೈಕುಲ್ಲಾದಿಂದ ಬಟ್ಟೆ ತಂದು ನಾನೇ ಹೊಲಿದೆ. ಆದರೆ ಅದೇ ವಾರ ಟಿವಿಯಲ್ಲಿ ಗಡಿಯ ಜಗಳ ಮತ್ತೆ ಶುರುವಾಯಿತು. ಮರಾಠಿ ಊರಿನಲ್ಲಿ ನಮ್ಮ ಬಾವುಟ ಬಿಚ್ಚುವುದೇ? "ಬ್ಯಾಡ ಬಿಡವ್ವ, ಚಿರೋಟಿ ಮಾಡಿಕೊಡ್ತೀನಿ" ಎಂದೆ.

"ನಾನೇನು ಫೈಟ್ ಮಾಡ್ಲಿಕ್ಕೆ ಹೋಗ್ತಿದೀನಾ?" ಎಂದವಳು ಕೇಳಲಿಲ್ಲ.

ಉತ್ಸವದ ದಿನ ಹೆತ್ತವರೆಲ್ಲ ಸಭಾಂಗಣದಲ್ಲಿದ್ದೆವು. ಬಾವುಟದ ಒಂದು ತುದಿ ಮಗಳ ಕೈಯಲ್ಲಿ, ಇನ್ನೊಂದು ಅವಳ ಮರಾಠಿ ಗೆಳತಿಯ ಕೈಯಲ್ಲಿ. "ಇದು... ನಮ್ಮ ಬಾವುಟ. ಹಳದಿ ಅಂದ್ರೆ ಅರಿಶಿನ. ಕೆಂಪು... ಕುಂಕುಮ." ಮುಂದೆ ಮಾತು ಹೊರಡಲಿಲ್ಲ.

ಮುಂದಿನ ಸಾಲಿನಲ್ಲಿ ಒಂಬತ್ತು ಗಜದ ಸೀರೆಯುಟ್ಟ ಮರಾಠಿ ಅಜ್ಜಿಯೊಬ್ಬರು ಗಟ್ಟಿಯಾಗಿ, "ಅಗೋ, ಹೇ ತರ ಆಪಲಂಚ ಹಳದೀ-ಕುಂಕೂ!" ಎಂದರು. ಇದು ನಮ್ಮದೇ ಅರಿಶಿನ-ಕುಂಕುಮವಲ್ಲವೇ ಎಂದು. ಸಂಕ್ರಾಂತಿಗೆ ಅವರ ಹೆಂಗಸರು ಒಬ್ಬರನ್ನೊಬ್ಬರು ಮನೆಗೆ ಕರೆಯುವುದೇ ಅದಕ್ಕೆ. ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು.

ಮಗಳಿಗೆ ಉಸಿರು ಬಂತು. "ಅರಿಶಿನ ಶಾಂತಿಗೆ, ಕುಂಕುಮ ಧೈರ್ಯಕ್ಕೆ. ನನ್ನ ಕನ್ನಡ ಥೋಡಾ ವೀಕ್ ಇದೆ. ಆದ್ರೆ ಇದು ನಂದೇ" ಎಂದು ಬಾವುಟವನ್ನು ಎತ್ತಿ ಹಿಡಿದಳು. ಪಕ್ಕದಲ್ಲಿ ನನ್ನ ಗಂಡ ಎದ್ದು ನಿಂತಿದ್ದರು.

ಮನೆಗೆ ಹೊರಟಾಗ ಅದನ್ನು ಮಡಚಿ ಬ್ಯಾಗಿಗೆ ಹಾಕು ಎಂದರೆ ಅವಳು ಒಪ್ಪಲಿಲ್ಲ. ಹೆಗಲ ಮೇಲೆ ಹೊದ್ದುಕೊಂಡೇ ರೈಲು ಬದಲಿಸುವ ದಾದರ್ ಸ್ಟೇಷನ್ನಿನ ಸೇತುವೆಯ ಜನಜಂಗುಳಿಯಲ್ಲಿ ನಡೆದಳು. ನಾನು ಎದೆ ಸೆಟೆಸಿಕೊಂಡು ಅವಳ ಹಿಂದೆ ನಡೆದೆ.